ಮನಿ ಧಾರವಾಡದ್ದು

ಆ ಊರಿಗೆ ರಸ್ತೆಯಿಲ್ಲ. ಕಡಲು ಇಳಿದಾಗ ಬಿಟ್ಟುಕೊಡುವ ಒದ್ದೆ ಮರಳೇ ರಸ್ತೆ. ಕಡಲು ಏರಿತೋ, ರಸ್ತೆ ಮುಗಿಯಿತು. ಅದರ ಮೇಲೆ ಓಡುವುದು ಒಂದೇ ಬಸ್ಸು. ಅದಕ್ಕೆ ಬಾಗಿಲಿಲ್ಲ, ಕಿಟಕಿಗೆ ಗಾಜಿಲ್ಲ, ಮೇಲಿನ ತಗಡು ತುಕ್ಕು ತಿಂದು ಜರಡಿಯಾಗಿದೆ. ಎಡಗಡೆ ಪೆಸಿಫಿಕ್ ಸಾಗರ, ಬಲಗಡೆ ಕಾಡು, ನಡುವೆ ಬುಟ್ಟಿ ಮೀನು, ಬಾಳೆಗೊನೆ, ಕೋಳಿಗಳ ಜೊತೆ ನಾನು ಮತ್ತು ನನ್ನ ಹೆಂಡತಿ ಇಂದುಮತಿ.

"ತೀರದ ದಾರಿ ಅಂದರೆ ಇದು ನೋಡು ಇಂದೂ. ಎಷ್ಟು ಹೋದರೂ ತೀರದು," ಎಂದೆ.

"ನಿಮ್ಮ ಮಾತೂ ಅಷ್ಟೇ," ಎಂದಳು, ಕಣ್ಣಿನಿಂದ ಬೈನಾಕ್ಯುಲರ್ ತೆಗೆಯದೆ.

ತಿಮಿಂಗಿಲ ನೋಡಬೇಕೆನ್ನುವುದು ಅವಳ ಹಟ. ದಾವಣಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಮಕ್ಕಳಿಗೆ ತಿಮಿಂಗಿಲ ಹೇಗೆ ಉಸಿರಾಡುತ್ತದೆಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಬರೆದು, ಕೊನೆಗೆ ತಾನೇ ನೋಡದೆ ಇನ್ನೊಂದು ಸಲ ಬರೆಯುವುದಿಲ್ಲ ಎಂದು ಹೊರಟವಳು. ನಾನು ಅದೇ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಆದರೆ ಊರಿಗೆಲ್ಲ ನಾನು ಮಿಮಿಕ್ರಿ ಮುಕುಂದ. ಗಣೇಶನ ಪೆಂಡಾಲಿನಿಂದ ಹಿಡಿದು ಪ್ರಿನ್ಸಿಪಾಲರ ಬೀಳ್ಕೊಡುಗೆಯವರೆಗೆ ನನ್ನ ಗಂಟಲಿಗೆ ಬಿಡುವಿಲ್ಲ. ಪ್ರಿನ್ಸಿಪಾಲರ ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರ ದನಿಯಲ್ಲೇ ವಂದನಾರ್ಪಣೆ ಮಾಡಿದವನು ನಾನು. ಅವರು ಚಪ್ಪಾಳೆ ತಟ್ಟಿ, ಆಮೇಲೆ ಯಾಕೋ ಮಂಕಾಗಿ ಕುಳಿತರು.

ಆ ಕರಾವಳಿ ನನ್ನಂಥವನಿಗೆ ಹಬ್ಬ. ಕಾಡಿನ ಅಂಚಿನಲ್ಲಿ ಕೂಗುಮಂಗಗಳು ಹೊಟ್ಟೆಯೊಳಗಿಂದ ಬಿರುಗಾಳಿ ಎಬ್ಬಿಸುತ್ತಿದ್ದವು. ಕೆಂಪು ಗಿಣಿಗಳು ಜಗಳಗಂಟಿ ಓರಗಿತ್ತಿಯರಂತೆ ಅರಚಿಕೊಂಡು ತಲೆಯ ಮೇಲೆ ಹಾದುಹೋಗುತ್ತಿದ್ದವು. ಹೆಜ್ಜಾರ್ಲೆಗಳು ಕೊಕ್ಕು ಬಡಿಯುವ ಸದ್ದು, ಓರು ಎನ್ನುವ ಡ್ರೈವರ್ ಗೇರು ಬದಲಿಸುವಾಗ ಬಸ್ಸು ನರಳುವ ಸದ್ದು, ಎಲ್ಲವನ್ನೂ ಕೇಳಿದ ಕೂಡಲೇ ತಿರುಗಿಸಿ ಒಪ್ಪಿಸುತ್ತಿದ್ದೆ. ಓರುವಿನ ಭಾಷೆ ನಮಗೆ ಬರದು. ಅವನು ಏನು ಹೇಳಿದರೂ ನಾನು ಅದನ್ನೇ ಅವನ ದನಿಯಲ್ಲಿ ಹೇಳುತ್ತಿದ್ದೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹಾಗೆ ನಮ್ಮ ಸ್ನೇಹ ಕುದುರಿತ್ತು.

ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಮಾತ್ರ ಅವನು ತುಟಿಯ ಮೇಲೆ ಬೆರಳಿಟ್ಟ. ದಿಬ್ಬದ ಮೇಲೆ ಮೊಸಳೆಗಳು ಬಾಯಿ ತೆರೆದು ಮಲಗಿದ್ದವು. ಬಸ್ಸು ಮೊಳಕಾಲುದ್ದದ ನೀರಿನಲ್ಲಿ ಕಳ್ಳಹೆಜ್ಜೆ ಹಾಕುತ್ತಾ ದಾಟುವಾಗ ಅವುಗಳಲ್ಲೊಂದು ಸದ್ದು ಮಾಡಿತು. ಕಿವಿಗೆ ಕೇಳುವ ಸದ್ದಲ್ಲ ಅದು, ಸೀಟಿನ ಕಬ್ಬಿಣದ ಮೂಲಕ ಬೆನ್ನುಹುರಿಗೆ ಹತ್ತಿದ ನಡುಕ. ಇಂದು ನನ್ನ ತೋಳನ್ನು ಉಗುರಿಳಿಯುವಂತೆ ಹಿಡಿದಳು. ನಾನು ಆ ಸದ್ದನ್ನು ಗಂಟಲಿನಲ್ಲಿ ಜೋಪಾನವಾಗಿ ಎತ್ತಿಟ್ಟುಕೊಂಡೆ.

"ಬೇಡ. ಅದೊಂದು ಬೇಡ," ಎಂದಳು. ಮುಖ ನೋಡಿಯೇ ಗೊತ್ತಾಗಿತ್ತು ಅವಳಿಗೆ. "ಮಂಗ, ಮಂತ್ರಿ, ಮೊಸಳೆ, ಎಲ್ಲರ ದನಿಯೂ ಬರುತ್ತೆ ನಿಮಗೆ. ನಿಮ್ಮದು ಯಾವುದು ಅಂತ ಯಾರಾದರೂ ಕೇಳಿದರೆ ನಾನೇನು ಹೇಳಲಿ? ಬಚ್ಚಲಿನಿಂದ ಟವೆಲ್ಲಿಗೆ ಕೂಗುವಾಗ ಮಾತ್ರ ಅದು ಹೊರಗೆ ಬರೋದು."

"ಅಷ್ಟಾದರೂ ಬರುತ್ತಲ್ಲ," ಎಂದು ನಕ್ಕೆ.

ಅಳಿವೆ ದಾಟಿ ಒಂದು ಬಂಡೆ ಬಳಸಿದ್ದೇ ತಡ, ಓರು ಗಕ್ಕನೆ ಬ್ರೇಕು ಹಾಕಿದ. ಮರಳಿನ ಮೇಲೆ ಅಡ್ಡಕ್ಕೆ ಏಡಿಗಳು ಸಾಲು ನಿಂತಿದ್ದವು. ಬೇರೆಯವರ ಶಂಖದೊಳಗೆ ಹೊಕ್ಕು ಬಾಳುತ್ತವಲ್ಲ, ಆ ಏಡಿಗಳು. ಮುಂದೆ ಮುಷ್ಟಿಗಾತ್ರದ್ದು, ಅದರ ಹಿಂದೆ ಅದಕ್ಕಿಂತ ಚಿಕ್ಕದು, ಹೀಗೇ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಮೆಣಸಿನ ಕಾಳಿನಷ್ಟರದ್ದು. ಪ್ರತಿಯೊಂದೂ ಮುಂದಿನದರ ಬೆನ್ನು ಹಿಡಿದಿತ್ತು. ಎಲ್ಲಕ್ಕಿಂತ ಮುಂದೆ, ಅಲೆ ತಂದು ಹಾಕಿದ ಒಂದು ದೊಡ್ಡ ಖಾಲಿ ಶಂಖ.

"ಇಂಗ್ಲಿಷಿನಲ್ಲಿ ಇದಕ್ಕೆ ಸನ್ಯಾಸಿ ಏಡಿ ಅಂತಾರೆ," ಎಂದಳು ಇಂದು, ಖುಷಿಯಿಂದ ಎದ್ದು ನಿಂತು.

"ಮನೆಗೋಸ್ಕರ ಕ್ಯೂ ನಿಲ್ಲೋ ಸನ್ಯಾಸಿಯನ್ನ ಇವತ್ತೇ ನೋಡಿದ್ದು," ಎಂದೆ.

ಯಾರೂ ನಗಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಇಳಿಯುತ್ತಿದ್ದರು. ಬುಟ್ಟಿ ಅಲ್ಲೇ, ಕೋಳಿ ಅಲ್ಲೇ, ಒಬ್ಬಳ ಚಪ್ಪಲಿಯೂ ಅಲ್ಲೇ. ಅರ್ಧ ತಿಂದ ಬಾಳೆಹಣ್ಣನ್ನು ಸೀಟಿನ ಮೇಲಿಟ್ಟು ಒಬ್ಬ ಮುದುಕ ದಿಬ್ಬದ ಕಡೆ ಓಡಿದ. ಓರು ಮಾತ್ರ ಇಳಿಯಲಿಲ್ಲ. ಎಂಜಿನ್ ಆರಿಸಿ, ಏಡಿಗಳ ಕಡೆ, ಕಡಲ ಕಡೆ, ಇಳಿಯುತ್ತಿದ್ದ ಸೂರ್ಯನ ಕಡೆ ಕೈ ತೋರಿಸಿದ. ಸಾಲು ಮುರಿದರೆ ಹೊರಡುವುದು, ನೀರು ಏರುವ ಮೊದಲು ಅಳಿವೆ ದಾಟಿ ಹಿಂದಿರುಗುವುದು. ಆಮೇಲೆ ಸ್ಟಿಯರಿಂಗನ್ನು ಎರಡೂ ತೋಳಿನಿಂದ ತಬ್ಬಿಕೊಂಡು ಹಣೆ ಊರಿ ಕುಳಿತ. ಅವನಿಗೆ ಭಯವಾಗಿದೆ ಎನ್ನುವುದು ನನಗೆ ಆಗ ಹೊಳೆಯಬೇಕಿತ್ತು.

ದಿಬ್ಬದ ಮೇಲೆ ಊರು. ಮನೆಗಳೂ ಸಾಲಾಗಿಯೇ ಇದ್ದವು: ಬಂಡೆಯ ತುದಿಯಲ್ಲಿ ಯಾರೂ ಇರದ ಎರಡಂತಸ್ತಿನದೊಂದು, ಅಲ್ಲಿಂದ ಇಳಿಯುತ್ತಾ ಬಂದು ಮರಳಿನ ಅಂಚಿಗೆ ಒಬ್ಬರು ಕಾಲು ಚಾಚಿದರೆ ತುಂಬಿಹೋಗುವ ಗರಿಯ ಗುಡಿಸಲು. ಎಲ್ಲ ಬಾಗಿಲುಗಳೂ ತೆರೆದಿದ್ದವು. ಒಲೆಗಳ ಮೇಲೆ ಅನ್ನ ಕುದಿಯುತ್ತಿತ್ತು. ಜನ ಒಬ್ಬೊಬ್ಬರಾಗಿ ಹೊರಗೆ ಬಂದು, ಉಟ್ಟ ಬಟ್ಟೆಯಲ್ಲಿ ಸಾಲು ಸೇರುತ್ತಿದ್ದರು.

"ಬರ್ರಿ ಬರ್ರಿ, ಬಿಸಲಾಗ ಬಂದೀರಿ. ನೀರ ಕುಡೀರಿ."

ನಾವಿಬ್ಬರೂ ಬೆಚ್ಚಿ ತಿರುಗಿದೆವು. ನಡುಗಾತ್ರದ ಮನೆಯೊಂದರ ಕಟ್ಟೆಯ ಮೇಲೆ ಅಗಲ ಮುಖದ, ಕಿವಿಗೆ ಮೀನಿನ ಮೂಳೆ ಸಿಕ್ಕಿಸಿಕೊಂಡ ಹೆಂಗಸು ತಂಬಿಗೆ ಹಿಡಿದು ನಿಂತಿದ್ದಳು. ಚಹರೆಯಲ್ಲಿ ಆ ತೀರದವಳೇ.

"ಅಯ್ಯೋ, ನೀವು ಧಾರವಾಡದವರಾ?" ಇಂದುವಿಗೆ ಕಣ್ಣಲ್ಲಿ ನೀರೇ ಬಂತು.

"ನಾ ಅಲ್ರಿ," ಎಂದಳು ಅವಳು. "ಮನಿ ಧಾರವಾಡದ್ದು. ಅಂಬಕ್ಕ ಅನ್ರಿ ನನಗ. ಸಣ್ಣ ಮನಿಯೊಳಗ ಇದ್ದಾಗ ಬ್ಯಾರೆ ಹೆಸರಿತ್ತು, ಈಗ ನೆನಪಿಲ್ಲ."

ತೆರೆದ ಬಾಗಿಲಿನಿಂದ ಒಳಗೋಡೆಯ ಫೋಟೋ ಕಾಣುತ್ತಿತ್ತು. ಇಳಕಲ್ ಸೀರೆಯುಟ್ಟ ಹೆಂಗಸೊಬ್ಬಳು ಇದೇ ಕಡಲಿಗೆ ಬೆನ್ನು ಮಾಡಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಹಣೆಯಲ್ಲಿ ಹಸಿರು ಹಚ್ಚೆಯ ಬೊಟ್ಟು.

"ಅವರೆಲ್ಲಿ?"

"ಮುಂದಿನ ಮನಿಗೆ ಹ್ವಾದ್ರು. ಅಲ್ಲಿಂದ ಅದರ ಮುಂದಿನದಕ್ಕ. ಅಗಾ, ಅಲ್ಲಿ ನಿಂತಾರ ನೋಡ್ರಿ."

ಸಾಲಿನಲ್ಲಿ ಮುಂದೆ, ಹರಿದ ಬಲೆ ಹೆಗಲಿಗೆ ಹಾಕಿಕೊಂಡ ಹೆಂಗಸಿನ ಹಣೆಯಲ್ಲಿ ಅದೇ ಹಸಿರು ಬೊಟ್ಟು. ಇಂದು ಓಡಿಹೋಗಿ, "ಅಕ್ಕಾ, ನಾವು ದಾವಣಗೆರೆಯವರು," ಎಂದಳು. ಆಕೆ ಇಂದುವಿನ ಬಾಯನ್ನೇ ನೋಡಿದಳು, ನಾವು ಹಕ್ಕಿಯ ಕೊಕ್ಕು ನೋಡುವ ಹಾಗೆ. ಆಮೇಲೆ ಅವಳ ದುಪಟ್ಟಾದ ತುದಿ ಹಿಡಿದು, ಅಂಥ ಬಟ್ಟೆಯನ್ನು ಎಂದೂ ಕಂಡಿಲ್ಲವೆಂಬಂತೆ ಬೆರಳಲ್ಲಿ ತಿಕ್ಕಿ, ಬಿಟ್ಟಳು. ಇಂದು ಹಿಂದಕ್ಕೆ ಬಂದು ನನ್ನ ಪಕ್ಕ ನಿಂತಳು.

"ಒಂದು ಮಾತು ಕೇಳ್ರಿ," ಎಂದಳು ಅಂಬಕ್ಕ ಕಟ್ಟೆ ಇಳಿಯುತ್ತಾ. "ಸಾಲು ಮುಗಿಯೂತನಕ ಬೈಲಾಗ ಕೂಡ್ರಿ. ಖಾಲಿ ಮನಿಯೊಳಗ ಕಾಲಿಡಬ್ಯಾಡ್ರಿ."

"ಇಟ್ಟರೆ?"

"ಇಟ್ಟರ ಇಟ್ಟಂಗ." ಅಷ್ಟು ಹೇಳಿ ತನ್ನ ಜಾಗಕ್ಕೆ ಹೋಗಿ ನಿಂತಳು.

ನಾವು ಗರಿಯ ಗುಡಿಸಲಿನ ಮುಂದೆ, ಅಲೆ ತಂದು ಹಾಕಿದ ಮರದ ದಿಮ್ಮಿಯ ಹತ್ತಿರ ಕುಳಿತೆವು. ಊರಿಗೂರೇ ಸಾಲಾಗಿ ನಿಂತಿದೆ, ಒಬ್ಬರೂ ಮಾತಾಡುವುದಿಲ್ಲ, ಗುಡಿಸಲಿನವಳಂತೂ ಬಾಲದ ತುದಿಯಂತೆ ಕೊನೆಯಲ್ಲಿ ಒಂಟಿಯಾಗಿದ್ದಾಳೆ. ಮೇಲೆ ಕತ್ತರಿಬಾಲದ ಕರಿಯ ಹಕ್ಕಿಗಳು ರೆಕ್ಕೆ ಬಡಿಯದೆ ತೇಲುತ್ತಿದ್ದವು. ಇಂದು ಬೈನಾಕ್ಯುಲರ್ ಎತ್ತಿ ಕಡಲು ನೋಡಲು ಶುರುಮಾಡಿದಳು. ಹೆದರಿದಾಗ ಅವಳು ಪಾಠ ಮಾಡುತ್ತಾಳೆ ಇಲ್ಲವೇ ಏನನ್ನಾದರೂ ಗಮನವಿಟ್ಟು ನೋಡುತ್ತಾಳೆ. ಹೆದರಿದಾಗ ನಾನು ತಮಾಷೆ ಮಾಡುತ್ತೇನೆ. ನನಗೆ ಬೇರೆ ಏನೂ ಬರುವುದಿಲ್ಲ. ದಿಮ್ಮಿಯ ಹಿಂದೆ ಮೆಲ್ಲಗೆ ಸರಿದು, ಅಳಿವೆಯಿಂದ ಎತ್ತಿಟ್ಟುಕೊಂಡಿದ್ದ ಆ ಸದ್ದನ್ನು ಗಂಟಲಿನ ತಳದಿಂದ ಬಿಟ್ಟೆ.

ಇಷ್ಟು ಚೆನ್ನಾಗಿ ಬರುತ್ತದೆಂದು ನಾನೇ ಅಂದುಕೊಂಡಿರಲಿಲ್ಲ. ಮರಳು ನಡುಗಿತು. ಇಂದು ಕಿರುಚಲೂ ಇಲ್ಲ. ಎದ್ದವಳೇ ಎದುರಿಗಿದ್ದ ಬಾಗಿಲಿಗೆ ನುಗ್ಗಿದಳು. ನಾನು ಹೊಟ್ಟೆ ಹಿಡಿದು ನಗುತ್ತಾ ತಲೆಯೆತ್ತಿದಾಗ ಗುಡಿಸಲಿನ ಗರಿಪರದೆ ಇನ್ನೂ ಅಲ್ಲಾಡುತ್ತಿತ್ತು. ಸಾಲಿನಲ್ಲಿದ್ದ ಮುಖಗಳೆಲ್ಲ ಈ ಕಡೆ ತಿರುಗಿದ್ದವು. ಯಾರಿಗೂ ಸಿಟ್ಟಿರಲಿಲ್ಲ. ಹೊಸ ಸೊಸೆ ಹೊಸಿಲು ದಾಟುವುದನ್ನು ನೋಡುವವರ ಹಾಗೆ ತೃಪ್ತಿಯಿಂದ ನೋಡುತ್ತಿದ್ದರು.

"ಇಂದೂ, ನಾನೇ ಕಣೆ. ಮೊಸಳೆ ಅಲ್ಲ, ಮೇಷ್ಟ್ರು. ಬಾ ಹೊರಗೆ."

ಪರದೆ ಸರಿಸಿದೆ. ಇಂದು ನೆಲದ ಮೇಲೆ ಕಾಲು ಚಾಚಿ ಕುಳಿತು ಸೀಗಡಿ ಸುಲಿಯುತ್ತಿದ್ದಳು. ಮೀನು ಮಾರ್ಕೆಟ್ಟಿನ ಮುಂದೆ ಆಟೋ ಹಾದರೂ ಮೂಗಿಗೆ ದುಪಟ್ಟಾ ಒತ್ತುವ ನನ್ನ ಇಂದು, ಕಣ್ಣು ಕೂಡ ಹಾಯಿಸದೆ, ತಲೆ ಚಿವುಟಿ, ಕರಿ ನರ ಎಳೆದು, ಪಟಪಟನೆ ಬುಟ್ಟಿಗೆ ಎಸೆಯುತ್ತಿದ್ದಳು. ತಲೆಯೆತ್ತಿ ಓರುವಿನ ಭಾಷೆಯಲ್ಲಿ ಏನೋ ಕೇಳಿದಳು. ಮಾತು ತಿಳಿಯದಿದ್ದರೂ ಧಾಟಿ ತಿಳಿಯಿತು. ಯಾರು ಬೇಕಾಗಿತ್ತು, ಎಂದು ಅಪರಿಚಿತರನ್ನು ಕೇಳುವ ಧಾಟಿ.

ಕೈ ಹಿಡಿದು ಎಳೆದೆ. ಹೊಸಿಲಿನಿಂದ ಅವಳ ಅರ್ಧ ಮೈ ಹೊರಬಂದಿದ್ದೇ ತಡ, ಮೇಲಿನ ಹಕ್ಕಿಗಳಲ್ಲೊಂದು ಕಲ್ಲಿನಂತೆ ಕೆಳಗೆ ಬಿತ್ತು. ಅದರ ಕೊಕ್ಕು ಅವಳ ಕೂದಲಿಗೆ ತಾಗಿತು. ಅವಳು ಎಳೆಮಗುವಿನ ಹಾಗೆ ಚೀರಿ ಒಳಗೆ ಮುದುಡಿಕೊಂಡಳು. ನಾನು ಅಂಬಕ್ಕನ ಕಡೆ ಓಡಿದೆ.

"ಎಳದ್ರ ಬರೇ ಮೈ ಬರ್ತೈತಿ ತಮ್ಮಾ. ಬರೇ ಮೈಯವರನ್ನ ಹಕ್ಕಿ ಬಿಡೂದಿಲ್ಲ," ಎಂದಳು ಅಂಬಕ್ಕ, ಮುಂದಿನವನ ಬೆನ್ನಿನಿಂದ ಕೈ ತೆಗೆಯದೆ.

"ಮತ್ತೇನು ಮಾಡಲಿ? ಹೇಳಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ."

ಅಷ್ಟರಲ್ಲಿ ಮರಳಿನ ಮೇಲೆ ಮುಷ್ಟಿಗಾತ್ರದ ಏಡಿ ತನ್ನ ಶಂಖ ಬಿಟ್ಟು ಹೊಸದಕ್ಕೆ ಹಾರಿತ್ತು. ಬಂಡೆಯ ತುದಿಯಲ್ಲಿ ಸಾಲಿನ ಮೊದಲಿಗ ಎರಡಂತಸ್ತಿನ ಮನೆಯೊಳಗೆ ಹೋದ. ಅವನು ಬಿಟ್ಟದ್ದಕ್ಕೆ ಅವನ ಹಿಂದಿನವಳು, ಅವಳದಕ್ಕೆ ಅವಳ ಹಿಂದಿನವನು. ಒಬ್ಬೊಬ್ಬರೂ ಒಳಹೋಗುವಾಗ ಒಂದು ನಡಿಗೆ, ಒಳಗೆ ಕೆಮ್ಮುವಾಗ ಬೇರೆಯದೇ ಕೆಮ್ಮು. ಸರದಿ ಸರಸರನೆ ಇಳಿದು ಬರುತ್ತಿತ್ತು.

"ತನ್ನದಕ್ಕಿಂತ ದೊಡ್ಡ ಮನಿ ಕಂಡ್ರ ಆಕಿ ತಾನಾ ಬರ್ತಾಳ," ಎಂದಳು ಅಂಬಕ್ಕ ಗಡಿಬಿಡಿಯಿಂದ. "ಎಳಿಯೂದು ಬ್ಯಾಡ. ಮನಿ ತೋರಸ್ರಿ."

"ಇಲ್ಲಿ ನನ್ನದ್ಯಾವ ಮನೆ ಇದೆ?"

"ಅದು ನಿಮಗ ಗೊತ್ತು. ಆದ್ರ ಕೇಳ್ರಿ, ಬರೇ ಮನಿ ಸಾಲೂದಿಲ್ಲ. ಆ ಮನಿಯೊಳಗ ನಿಮ್ಮ..."

ಅವಳ ಮುಂದಿನವನು ಹೊರಟುಬಿಟ್ಟ. ಅಂಬಕ್ಕ ನಾಲ್ಕು ಹೆಜ್ಜೆ ಹಾಕಿ ಮುಂದಿನ ಮನೆಯ ಹೊಸಿಲು ದಾಟಿದಳು. "ನಿಮ್ಮ ಏನು? ಅಕ್ಕಾ, ನಿಮ್ಮ ಏನು?" ಎಂದು ನಾನು ಅರಚಿದೆ. ಅವಳು ಬಾಗಿಲಲ್ಲಿ ತಿರುಗಿ, ಗಂಡಸಿನಂತೆ ಸೊಂಟಕ್ಕೆ ಕೈ ಕೊಟ್ಟು, ಗಡಸು ದನಿಯಲ್ಲಿ ಎರಡು ಮಾತಾಡಿದಳು. ಅದರಲ್ಲಿ ಒಂದಕ್ಷರವೂ ಕನ್ನಡವಿರಲಿಲ್ಲ.

ಹಿಂದಿನಿಂದ ದನಿ ಬಂತು. "ಬರ್ರಿ ಬರ್ರಿ, ಬಿಸಲಾಗ ಬಂದೀರಿ. ನೀರ ಕುಡೀರಿ."

ಧಾರವಾಡದ ಮನೆಯ ಕಟ್ಟೆಯ ಮೇಲೆ ಈಗ ಸಣ್ಣಪ್ರಾಯದ ಹುಡುಗಿಯೊಬ್ಬಳು ತಂಬಿಗೆ ಹಿಡಿದು ನಿಂತಿದ್ದಳು. ಅದೇ ರಾಗ, ಅದೇ ಅಕ್ಕರೆ. ಅಂಬಕ್ಕ ಹೇಳುತ್ತಿದ್ದದ್ದರ ಉಳಿದ ಅರ್ಧ ಏನೆಂದು ಅವಳನ್ನು ಅಂಗಲಾಚಿದೆ.

"ಮನಿಯೊಳಗಿನ ಮಾತಷ್ಟ ನನಗ ಸಿಕ್ಕಾವ್ರಿ," ಎಂದಳು ಮರುಕಪಡುತ್ತಾ. "ಬೈಲಾಗ ಆಡಿದ್ದು ಬೈಲಿಗೆ ಹೋತು."

ಬಸ್ಸಿನ ಹಾರ್ನು ಕೇಳಿಸಿತು. ಮರಳಿನ ಮೇಲೆ ಏಡಿಗಳು ಚೆದುರುತ್ತಿದ್ದವು. ಅಲೆಯ ನಾಲಿಗೆ ಬಸ್ಸಿನ ಚಕ್ರ ನೆಕ್ಕಿ ಹೋಯಿತು. ಓರು ಹಾರ್ನಿನ ಮೇಲಿನಿಂದ ಕೈ ತೆಗೆಯುತ್ತಿರಲಿಲ್ಲ.

ಗುಡಿಸಲಿನ ಮುಂದೆ ನಿಂತೆ. ಮನೆ ತೋರಿಸಬೇಕು. ದಾವಣಗೆರೆಯಲ್ಲಿ ಗಲ್ಲಿಯ ಕೊನೆಗಿರುವ ನಮ್ಮ ಬಾಡಿಗೆ ಮನೆಯನ್ನು ಇಲ್ಲಿ, ಈ ಮರಳಿನ ಮೇಲೆ, ಹೇಗೆ ನಿಲ್ಲಿಸಲಿ? ನನ್ನ ಹತ್ತಿರ ಇಟ್ಟಿಗೆಯಿಲ್ಲ. ಗಂಟಲಿದೆ.

ಮೊದಲು ಗೇಟು ಮಾಡಿದೆ. ಎಣ್ಣೆ ಕಾಣದ ನಮ್ಮ ಗೇಟು, ಕಿ-ರ್ರ್ ಎಂದು ಶುರುವಾಗಿ ಟಣ್ ಎಂದು ಮುಗಿಯುವುದು. ಒಳಗೆ ಸೀಗಡಿ ಸುಲಿಯುವ ಸದ್ದು ನಿಂತಿತು. ಹಾಲ್‌ನ ಫ್ಯಾನು ಮಾಡಿದೆ, ಟುಕ್ಕುಟುಕ್ಕು ಎಂದು ಒಂದು ಸುತ್ತಿಗೊಮ್ಮೆ ಬಿಕ್ಕುವುದು. ಆ ಗಾಳಿಗೆ ಕ್ಯಾಲೆಂಡರು ಗೋಡೆಗೆ ಬಡಿದುಕೊಳ್ಳುವುದು. ಸೀಟಿಯ ಗುಂಡು ಸಡಿಲಾದ ಕುಕ್ಕರು ಮೊದಲು ಉಗುಳಿ, ಆಮೇಲೆ ಮುನಿದು, ಆಮೇಲೆ ಕೂಗುವುದು. ಮೇಲಿನ ಮನೆಯವರ ಮೋಟಾರು, ತುಂಬಿ ಚೆಲ್ಲುವ ಟ್ಯಾಂಕು. ಪಕ್ಕದ ಮನೆಯ ಶರಾವತಮ್ಮನವರು ಕಾಂಪೌಂಡಿನ ಮೇಲಿಂದ, "ಇಂದೂ! ನಲ್ಲೀಲಿ ನೀರು ಬಂತು ಕಣೇ! ಕೊಡ ತಗೊಂಡು ಬಾರೇ!"

ಪರದೆ ಸರಿಯಿತು. ಆ ಕೂಗಿಗೆ ಎದ್ದು ಬಾರದ ಹೆಂಗಸು ನಮ್ಮ ಗಲ್ಲಿಯಲ್ಲಿಲ್ಲ.

ಅವಳು ಹೊಸಿಲ ಮೇಲೆ ನಿಂತಳು. ಬೆರಳಿಗೆ ಸೀಗಡಿಯ ಸಿಪ್ಪೆ ಅಂಟಿತ್ತು; ಕಣ್ಣು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಸುತ್ತ ಎದ್ದ ಗೋಡೆಗಳನ್ನು ನೋಡುತ್ತಿತ್ತು. ಹಕ್ಕಿಗಳು ತಲೆಯ ಮೇಲಕ್ಕೇ ಇಳಿದವು. ನಾನು ಕುಕ್ಕರು ಕೂಗಿಸುತ್ತಾ, ಫ್ಯಾನು ತಿರುಗಿಸುತ್ತಾ ಹಿಂದೆ ಹಿಂದೆ ನಡೆದೆ. ಅವಳು ಬಂದಳು. ಒಂದು ಸಲ ಉಸಿರೆಳೆದುಕೊಳ್ಳಲು ನಿಲ್ಲಿಸಿದೆ. ತಕ್ಷಣ ಅವಳು ಗುಡಿಸಲಿನ ಕಡೆ ತಿರುಗಿದಳು, ಒಂದು ರೆಕ್ಕೆ ಅವಳ ಕೆನ್ನೆ ಸವರಿತು. ಮತ್ತೆ ನಿಲ್ಲಿಸಲಿಲ್ಲ. ಬಸ್ಸು ಹತ್ತಿಸಿದ್ದು ಯಾವ ಸದ್ದಿನ ಮೇಲೆ ಎಂಬುದು ನೆನಪಿಲ್ಲ. ಬಹುಶಃ ದೋಸೆ ಹೆಂಚಿನದು.

ಓರು ಬಸ್ಸು ತಿರುಗಿಸಿ ನೀರೊಳಗೇ ಓಡಿಸಿದ. ಜರಡಿಯಾದ ತಗಡಿನ ಮೇಲೆ ಹಕ್ಕಿಗಳು ಬಂದು ಕೂರುವ ಸದ್ದು ಕೇಳುತ್ತಿತ್ತು. ತೂತುಗಳಲ್ಲಿ ಕೊಕ್ಕಿನ ತುದಿ ಇಣುಕುತ್ತಿತ್ತು. ಇಂದು ಸೀಟಿನಲ್ಲಿ ಕುಳಿತು, ಕತ್ತಲೆ ಮನೆಯೊಳಗೆ ಕೋಣೆಯಿಂದ ಕೋಣೆಗೆ ಹೋಗುವವಳಂತೆ ಮೆಲ್ಲಗೆ ಕತ್ತು ತಿರುಗಿಸುತ್ತಿದ್ದಳು. ನಾನು ಮಿಕ್ಸಿ ಮಾಡಿದೆ, ಹಾಲಿನವನ ಸೈಕಲ್ ಗಂಟೆ ಮಾಡಿದೆ, ಅವಳು ಪೇಪರ್ ತಿದ್ದುವಾಗ ಕೆಂಪು ಪೆನ್ನು ಗೀಚುವುದನ್ನೂ ಮಾಡಿದೆ. ಗಂಟಲು ಹರಿದು ಬಾಯಲ್ಲಿ ರಕ್ತದ ರುಚಿ ಬಂದಿತ್ತು.

ಅಳಿವೆಯ ನಡುವಿಗೆ ಬಂದಾಗ ಅವಳು ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು.

"ಮನೇಲಿ ಯಾರೂ ಇಲ್ವಾ?"

ಅಂಬಕ್ಕನ ಉಳಿದ ಅರ್ಧ ಮಾತು ಏನಿತ್ತೆಂದು ಆಗ ಗೊತ್ತಾಯಿತು. ಆ ಮನೆಯೊಳಗೆ ನನ್ನ ದನಿಯೂ ಇರಬೇಕಿತ್ತು. ಇದ್ದೀನಿ, ನಾನಿದ್ದೀನಿ ಎನ್ನಲು ಬಾಯಿ ತೆರೆದೆ. ಬಂದದ್ದು ಶರಾವತಮ್ಮನವರ ದನಿ. ಮತ್ತೆ ಪ್ರಯತ್ನಪಟ್ಟೆ, ಪ್ರಿನ್ಸಿಪಾಲರು ಬಂದರು. ಓರು ಬಂದ, ಅಂಬಕ್ಕ ಬಂದಳು, ಮೊಸಳೆಯೂ ಬಂತು. ನೀರಿನಲ್ಲಿ ಅದಕ್ಕೆ ಉತ್ತರವಾಗಿ ನಿಜವಾದ ಮೊಸಳೆ ಗುಡುಗಿತು. ನನ್ನನ್ನು ಹುಡುಕಿದೆ, ಗಂಟಲಿನ ಮೂಲೆ ಮೂಲೆಯಲ್ಲಿ ಹುಡುಕಿದೆ. ಆಮೇಲೆ ಗಂಟಲೇ ಮುಚ್ಚಿಹೋಯಿತು. ಗಾಳಿ ಬಿಟ್ಟರೆ ಏನೂ ಹೊರಡಲಿಲ್ಲ.

ಮನೆ ಬಿದ್ದುಹೋಯಿತು. ಅಲೆಯ ಸದ್ದೊಂದೇ ಉಳಿಯಿತು. ಇಂದು ಎದ್ದು ನಿಂತು ಹಿಂದೆ, ಬಾಗಿಲಿಲ್ಲದ ಬಾಗಿಲಿನ ಕಡೆ, ಕಪ್ಪು ನೀರಿನ ಕಡೆ ನೋಡಿದಳು. ತಗಡಿನ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಆ ಅಂಚಿಗೆ ಸರಿದವು. ನಾನು ಅವಳ ದುಪಟ್ಟಾ ಹಿಡಿದುಕೊಂಡೆ. ಎಳೆಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ಅವಳು ಒಂದು ಹೆಜ್ಜೆ ಇಟ್ಟಳು.

"ಇಂದೂ... ಟವೆಲ್ಲೂ!"

ಯಾರೋ ಕೂಗಿದರು. ಸ್ವಲ್ಪ ಮೂಗಿನದು, ಸ್ವಲ್ಪ ಒಡಕು, ತಪ್ಪು ತನ್ನದಾದರೂ ಗದರುವ ಗಂಡಸಿನ ದನಿ. ನಾನದನ್ನು ಎಂದೂ ಹೊರಗಿನಿಂದ ಕೇಳಿರಲಿಲ್ಲ. ಕೂಗಿದ್ದು ಇಂದು. ಅವಳ ತುಟಿ ಇನ್ನೂ ಆ ಆಕಾರದಲ್ಲೇ ಇತ್ತು. ಮರುಕ್ಷಣ ಅದೇ ಬಾಯಿಂದ, ತನ್ನದೇ ದನಿಯಲ್ಲಿ ಅವಳು ಉತ್ತರ ಕೊಟ್ಟಳು: "ಬಂದೆ, ಬಂದೆ! ಹೋಗೋವಾಗಲೇ ತಗೊಂಡು ಹೋಗೋಕೆ ಏನು ರೋಗ ನಿಮಗೆ?"

ತಗಡಿನ ಮೇಲಿಂದ ಒಂದು ಹಕ್ಕಿ ಎದ್ದಿತು. ಆಮೇಲೆ ಇನ್ನೊಂದು.

ಅವಳು ಹಿಂದಕ್ಕೆ ಬಂದು ಕುಳಿತಳು. ತನ್ನ ಬೆರಳುಗಳನ್ನು ಮೂಸಿ, ಮುಖ ಕಿವಿಚಿ, ನನ್ನ ಅಂಗಿಗೆ ಒರೆಸಿದಳು. ಬಸ್ಸು ಇನ್ನೂ ನೀರಿನಲ್ಲೇ ಇತ್ತು, ಎರಡೂ ಕಡೆ ಮೊಸಳೆಗಳ ಬೆನ್ನುಗಳು ತೇಲುತ್ತಿದ್ದವು, ದಡ ದೂರವಿತ್ತು. ನಾನು ಮತ್ತೆ ಫ್ಯಾನು ತಿರುಗಿಸಲು ಬಾಯಿ ತೆರೆದೆ, ಕೆಮ್ಮು ಬಂತು. ಅವಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಸುಮ್ಮನೆ ಕೂತ್ಕೊಳ್ಳಿ," ಎಂದಳು. "ದಡ ಬರೋವರೆಗೂ ಮನೆ ನಾನು ನೋಡ್ಕೋತೀನಿ."

ಎಂದವಳು ತುಟಿ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಗುಂಡು ಸಡಿಲಾದ ನಮ್ಮ ಕುಕ್ಕರನ್ನು ಒಲೆಯ ಮೇಲಿಟ್ಟಳು.